ಸಮುದ್ರಕ್ಕೆ ಬೆಳಕು ಚೆಲ್ಲದ ದೀಪ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಪು ದೀಪಸ್ತಂಭದ ಬಗ್ಗೆ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಪತ್ರದಲ್ಲಿ ಮಗುವೊಂದು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ಪ್ರಶ್ನೆಗಳ ಅರ್ಧ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ದಸರಾ ರಜೆಯಲ್ಲಿ ಮನೆಯವರೆಲ್ಲ ಉಡುಪಿಗೆ ಹೋಗಿದ್ದೆವು. ಒಂದು ಸಂಜೆ ಕಾಪು ಕಡಲತೀರದಲ್ಲಿ ಕತ್ತಲಾಗುವವರೆಗೂ ಕುಳಿತು ಲೈಟ್‌ಹೌಸಿನ ದೀಪ ಹೊತ್ತಿಕೊಳ್ಳುವುದನ್ನು ನೋಡಿದೆವು. ಎಂಟು ವರ್ಷದ ಮೊಮ್ಮಗಳು, ‘ತಾತ, ಇಷ್ಟು ದೊಡ್ಡ ದೀಪ ಇದ್ದರೂ ಸಮುದ್ರದ ಮೇಲೆ ಬೆಳಕೇ ಬೀಳ್ತಿಲ್ಲ. ಮತ್ತೆ ಯಾಕೆ ಹಚ್ತಾರೆ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈ ದೀಪಸ್ತಂಭವನ್ನು ಯಾವಾಗ ಕಟ್ಟಿದರು, ಅಲ್ಲಿಯೇ ಏಕೆ ಕಟ್ಟಿದರು ಎಂಬುದನ್ನೂ ತಿಳಿಸಿ. (ಬಸವನಗುಡಿಯ ಓದುಗರು)

ಉತ್ತರ: ತಮ್ಮ ಮೊಮ್ಮಗಳು ಸರಿಯಾಗಿಯೇ ಗಮನಿಸಿದ್ದಾಳೆ. ಬಸವನಗುಡಿಯ ಬೀದಿದೀಪ ತನ್ನ ಬುಡದ ರಸ್ತೆಯನ್ನು ಬೆಳಗುತ್ತದೆ. ಅದರ ಬೆಳಕಿನಲ್ಲಿ ನಾವು ದಾರಿ ನೋಡುತ್ತೇವೆಯೇ ಹೊರತು ದೀಪವನ್ನು ನೋಡುವುದಿಲ್ಲ. ದೀಪಸ್ತಂಭದ ಕೆಲಸ ಇದಕ್ಕೆ ಪೂರ್ತಿ ತಿರುಗುಮುರುಗು. ಅದು ನೀರನ್ನು ಬೆಳಗಲು ಹೋಗುವುದೇ ಇಲ್ಲ. ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದಲ್ಲಿ, ಸುತ್ತಲೂ ಕತ್ತಲಿರುವಾಗ, ಹಡಗಿನ ಮೇಲೆ ನಿಂತಿರುವ ಮನುಷ್ಯನೊಬ್ಬನ ಕಣ್ಣಿಗೆ ತಾನು ಬೀಳಬೇಕು, ಬಿದ್ದು ‘ನಾನು ಕಾಪು’ ಎಂದು ಹೇಳಬೇಕು, ಇಷ್ಟೇ ಅದರ ಹೊಣೆ. ದಡದಲ್ಲಿ ಕುಳಿತವರಿಗೆ ಅದರ ಬೆಳಕಿನ ಕೋಲು ತಲೆಯ ಮೇಲಿಂದ ಹಾದುಹೋದಂತೆ ಕಾಣುವುದೂ ಇದೇ ಕಾರಣಕ್ಕೆ. ಮಸೂರಗಳು ಬೆಳಕನ್ನೆಲ್ಲ ಒಟ್ಟುಗೂಡಿಸಿ ದಿಗಂತದತ್ತ ಕಳುಹಿಸುತ್ತವೆ, ಹತ್ತಿರದ ಅಲೆಗಳ ಮೇಲೆ ಅದನ್ನು ವ್ಯರ್ಥ ಮಾಡುವುದಿಲ್ಲ.

ಕಾಪುವಿನ ದೀಪಸ್ತಂಭ 1901ರಲ್ಲಿ ಕಟ್ಟಿದ್ದು. ಕಡಲಂಚಿನ ಬಂಡೆಯೊಂದರ ಮೇಲೆ ಸುಮಾರು 27 ಮೀಟರ್ ಎತ್ತರಕ್ಕೆ ಎದ್ದುನಿಂತ ದುಂಡನೆಯ ಗೋಪುರ ಅದು. ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಉತ್ತರ ಕನ್ನಡ 1862ರಲ್ಲೇ ಬೊಂಬಾಯಿ ಪ್ರಾಂತ್ಯಕ್ಕೆ ಹೋಗಿತ್ತು. ಹೀಗಾಗಿ ಇಂದು ನಾವು ಕರ್ನಾಟಕದ ಕರಾವಳಿ ಎಂದು ಒಂದೇ ಉಸಿರಿನಲ್ಲಿ ಹೇಳುವ ತೀರದ ಹಳೆಯ ದೀಪಗಳು ಎರಡು ಬೇರೆ ಬೇರೆ ಆಡಳಿತಗಳ ಕಾಲದವು. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ, ಅಂದರೆ ಇಂಗ್ಲಿಷ್ ನಕ್ಷೆಗಳು ಆಯ್ಸ್ಟರ್ ರಾಕ್ ಎಂದು ಕರೆದದ್ದು, ಕಾಪುವಿಗಿಂತ ಹಿರಿಯದು, 1860ರ ದಶಕದ್ದು.

ಕಾಪುವಿನಲ್ಲಿಯೇ ಏಕೆ ಎಂಬುದಕ್ಕೆ ಉತ್ತರ ಬೇಕೆಂದರೆ ಆ ಕಾಲದ ಸಂಚಾರವನ್ನು ಕಣ್ಣಮುಂದೆ ತಂದುಕೊಳ್ಳಬೇಕು. 1901ರಲ್ಲಿ ಮಂಗಳೂರಿಗೆ ರೈಲೇ ಇರಲಿಲ್ಲ. ಅದು ಬಂದದ್ದು 1907ರಲ್ಲಿ. ಮಂಗಳೂರಿನಿಂದ ಉಡುಪಿಯ ಮೇಲೆ ಉತ್ತರಕ್ಕೆ ಸಾಗುವ ಕೊಂಕಣ ರೈಲು ಪೂರ್ಣಗೊಂಡದ್ದಂತೂ 1998ರಲ್ಲಿ. ದಡದ ದಾರಿ ಹಿಡಿದವರಿಗೆ ಫಲ್ಗುಣಿ, ಶಾಂಭವಿ, ಉದ್ಯಾವರದ ಹೊಳೆ, ಸ್ವರ್ಣಾ, ಸೀತಾ ಹೀಗೆ ಒಂದರ ಹಿಂದೊಂದು ನದಿ ಎದುರಾಗುತ್ತಿದ್ದವು. ಪ್ರತಿಯೊಂದರಲ್ಲೂ ಕಡವು, ಕಡವಿನಲ್ಲಿ ದೋಣಿಗಾಗಿ ಕಾಯುವುದು. ಹೀಗಿರುವಾಗ ಸಮುದ್ರವೇ ಹೆದ್ದಾರಿಯಾಗಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ದೂರ ದೂರದ ಊರುಗಳಿಗೆ ಹಡಗಿನಲ್ಲಿ ಹೋಗತೊಡಗಿತು. ಘಟ್ಟದ ಮೇಲಿನ ಕಾಫಿ, ಕರಾವಳಿಯ ಅಕ್ಕಿ, ಅಡಿಕೆ ಎಲ್ಲವೂ ಪತ್ತೆಮಾರಿ, ಮಂಜಿಗಳಂಥ ಹಾಯಿ ನಾವೆಗಳಲ್ಲೂ ಉಗಿಹಡಗುಗಳಲ್ಲೂ ಸಾಗುತ್ತಿದ್ದವು. ಈ ನಾವೆಗಳು ದಡದಿಂದ ಬಹಳ ದೂರ ಹೋಗದೆ, ದಡವನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡೇ ಚಲಿಸುತ್ತಿದ್ದವು. ಅಪಾಯವಿದ್ದದ್ದೂ ಅಲ್ಲಿಯೇ. ಮಂಗಳೂರು ಬಿಟ್ಟು ಉತ್ತರಕ್ಕೆ ಹೊರಟವನಿಗೆ ಮುಂದೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿವೆ. ಅವುಗಳ ಕಪ್ಪುಕಲ್ಲಿನ ಕಂಬಗಳನ್ನು ಹಗಲಿನಲ್ಲಿ ನೋಡಿ ಸಂತೋಷಪಡುವ ನಾವು, ಅವೇ ಕಲ್ಲುಗಳು ರಾತ್ರಿಯಲ್ಲಿ ಹಡಗಿನ ಅಡಿಗೆ ಸಿಕ್ಕರೆ ಏನಾದೀತು ಎಂದು ಯೋಚಿಸುವುದು ಕಡಿಮೆ. ಆ ದ್ವೀಪಗಳನ್ನು ತಲುಪುವ ಮೊದಲೇ ‘ನೀನು ಇಲ್ಲಿದ್ದೀಯೆ’ ಎಂದು ತಿಳಿಸುವ ಒಂದು ಗುರುತು ಬೇಕಿತ್ತು. ನೀರಿಗೆ ಮುಖಮಾಡಿ ನಿಂತ ಕಾಪುವಿನ ಬಂಡೆ ಅಂಥ ಗುರುತಿಗೆ ಹೇಳಿಮಾಡಿಸಿದ ಜಾಗ.

ಇನ್ನೊಂದು ಮಾತು. ದಾಸಸಾಹಿತ್ಯದಿಂದ ಮನೆಮಾತಿನವರೆಗೆ ಕಾಪು ಎಂದರೆ ನಮಗೆ ಕಾವಲು, ರಕ್ಷಣೆ. ಊರಿನ ಹೆಸರು ಹುಟ್ಟಿದ ಬಗೆಯನ್ನು ನಾನಿಲ್ಲಿ ಚರ್ಚಿಸುತ್ತಿಲ್ಲ. ಆದರೆ ಆ ಹೆಸರಿನ ಊರಿನಲ್ಲಿ ಇಂಥದೊಂದು ದೀಪ ನಿಂತಿರುವುದು ಪ್ರತಿ ಸಲ ಅಲ್ಲಿಗೆ ಹೋದಾಗಲೂ ನನ್ನ ಮನಸ್ಸಿಗೆ ಹಿತವೆನಿಸುತ್ತದೆ.

ಪ್ರಶ್ನೆ: ದೀಪ ಒಂದೇ ಸಮನೆ ಉರಿಯುವ ಬದಲು ಮಿಂಚಿ ಮಿಂಚಿ ಆರುವುದೇಕೆ? ಹಗಲಿನಲ್ಲಿ ಗೋಪುರಕ್ಕಿರುವ ಕಪ್ಪು ಬಿಳುಪು ಪಟ್ಟಿಗಳಿಗೂ ಏನಾದರೂ ಅರ್ಥವಿದೆಯೆ? (ಯಲಹಂಕದ ಓದುಗರು)

ಉತ್ತರ: ಅರ್ಥವಿದೆ, ಮತ್ತು ದೀಪಸ್ತಂಭದ ವ್ಯಕ್ತಿತ್ವವೆಲ್ಲ ಅಡಗಿರುವುದು ಇದರಲ್ಲೇ. ನಾವಿಕರು ಪ್ರತಿಯೊಂದು ದೀಪದ ಮಿನುಗಿನ ಕ್ರಮವನ್ನು ಅದರ ‘ಕ್ಯಾರೆಕ್ಟರ್’ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ಲಕ್ಷಣ ಎಂದರೆ ಸರಿಹೋಗುತ್ತದೆ. ಎಷ್ಟು ಮಿಂಚು, ಮಿಂಚುಗಳ ನಡುವೆ ಎಷ್ಟು ಕತ್ತಲು, ಬಣ್ಣ ಯಾವುದು, ಎಷ್ಟು ಸೆಕೆಂಡಿಗೊಮ್ಮೆ ಇಡೀ ಕ್ರಮ ಮರುಕಳಿಸುತ್ತದೆ ಎಂಬ ನಾಲ್ಕು ಸಂಗತಿಗಳು ಸೇರಿ ಒಂದು ಲಕ್ಷಣವಾಗುತ್ತದೆ. ಒಂದು ದೀಪದ ಲಕ್ಷಣ ಅಕ್ಕಪಕ್ಕದ ಇನ್ನೊಂದು ದೀಪಕ್ಕೆ ಇರಕೂಡದು. ಡೆಹ್ರಾಡೂನಿನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುವ ಕಡಲ ನಕ್ಷೆಗಳಲ್ಲೂ ದೀಪಗಳ ಪಟ್ಟಿಯಲ್ಲೂ ನಮ್ಮ ತೀರದ ದೀಪಗಳ ಲಕ್ಷಣಗಳು ದಾಖಲಾಗಿರುತ್ತವೆ. ರಾತ್ರಿಯಲ್ಲಿ ಬೆಳಕೊಂದು ಕಂಡ ಕೂಡಲೇ ನಾವಿಕ ಗಡಿಯಾರ ಹಿಡಿದು ಎಣಿಸುತ್ತಾನೆ, ಪಟ್ಟಿಯೊಡನೆ ತಾಳೆ ನೋಡುತ್ತಾನೆ, ಇದು ಇಂಥ ಊರಿನ ದೀಪ ಎಂದು ತೀರ್ಮಾನಿಸುತ್ತಾನೆ. ಕತ್ತಲಿನಲ್ಲಿ ಬಾಗಿಲು ತಟ್ಟಿದ ಸದ್ದಿನಿಂದಲೇ ಬಂದವರು ಯಾರೆಂದು ಮನೆಯವರಿಗೆ ತಿಳಿಯುತ್ತದಲ್ಲ, ಹಾಗೆ.

ಹಿಂದೆ ಹೀಗಿರಲಿಲ್ಲ. ಬಹುಕಾಲ ದೀಪಸ್ತಂಭಗಳು ಕಟ್ಟಿಗೆಯ ಬೆಂಕಿ, ಕಲ್ಲಿದ್ದಲ ಕೆಂಡ, ಮೇಣದ ಬತ್ತಿ, ಎಣ್ಣೆದೀಪ ಇವುಗಳಿಂದ ಒಂದೇ ಸಮನೆ ಉರಿಯುತ್ತಿದ್ದವು. ಅದರಲ್ಲಿ ದೊಡ್ಡ ದೋಷವೊಂದಿತ್ತು. ದಡದ ಮೇಲೆ ಯಾರೋ ಹಾಕಿದ ಬೆಂಕಿಯೂ ಮೀನುಗಾರರ ದೋಣಿಯ ಲಾಂದ್ರವೂ ಪಕ್ಕದ ಊರಿನ ದೀಪಸ್ತಂಭವೂ ದೂರದಿಂದ ಒಂದೇ ತೆರನಾಗಿ ಕಾಣುತ್ತಿದ್ದವು. ಒಂದು ಊರಿನ ದೀಪವನ್ನು ಇನ್ನೊಂದರದ್ದೆಂದು ತಿಳಿದು ತಿರುವು ತೆಗೆದುಕೊಂಡ ಹಡಗು ನೇರ ಬಂಡೆಗೇ ಹೋಗುತ್ತಿತ್ತು, ಅಂದರೆ ತಪ್ಪಾಗಿ ಗುರುತಿಸಿದ ದೀಪ ದೀಪವಿಲ್ಲದ ಕತ್ತಲಿಗಿಂತಲೂ ಅಪಾಯಕಾರಿ. 1781ರಲ್ಲಿ ಸ್ವೀಡನ್ನಿನ ಯೋನಾಸ್ ನೂರ್‌ಬೆರಿ ಗಡಿಯಾರದ ಯಂತ್ರದಿಂದ ಸುತ್ತುವ ದೀಪವನ್ನು ನಿಲ್ಲಿಸಿದ ಮೇಲೆ ಪರಿಸ್ಥಿತಿ ನಿಧಾನವಾಗಿ ಬದಲಾಯಿತು. ಲೆಕ್ಕ ಮಾಡುವ ಯಂತ್ರದ ಕನಸು ಕಂಡವನೆಂದು ನಮ್ಮೂರಿನ ಎಂಜಿನಿಯರುಗಳಿಗೆಲ್ಲ ಗೊತ್ತಿರುವ ಚಾರ್ಲ್ಸ್ ಬ್ಯಾಬೇಜ್ ಕೂಡ 1851ರಲ್ಲಿ ಈ ವಿಷಯಕ್ಕೆ ಕೈಹಾಕಿದ್ದ: ಪ್ರತಿ ದೀಪಸ್ತಂಭವೂ ಬೆಳಕನ್ನು ಮರೆಮಾಡಿ ತೆರೆದು ತನ್ನ ಸಂಖ್ಯೆಯನ್ನು ತಾನೇ ಸಾರುತ್ತಿರಲಿ ಎಂಬುದು ಅವನ ಸಲಹೆ. 1870ರ ದಶಕದಲ್ಲಿ ಜಾನ್ ಹಾಪ್ಕಿನ್ಸನ್ ಮಸೂರಗಳನ್ನು ಗುಂಪುಗುಂಪಾಗಿ ಜೋಡಿಸಿ, ಎರಡು ಮಿಂಚು ಒಂದು ವಿರಾಮ, ಮೂರು ಮಿಂಚು ಒಂದು ವಿರಾಮ ಎಂಬಂಥ ಕ್ರಮಗಳನ್ನು ಸಾಧ್ಯವಾಗಿಸಿದ. ಕಾಪುವಿನ ದೀಪ ಹುಟ್ಟುವ ಹೊತ್ತಿಗೆ ಈ ವಿದ್ಯೆಯೆಲ್ಲ ಪಳಗಿತ್ತು.

ಕಪ್ಪು ಬಿಳುಪು ಪಟ್ಟಿಗಳು ಇದೇ ಲಕ್ಷಣದ ಹಗಲಿನ ರೂಪ. ಹಗಲಿನಲ್ಲಿ ದೀಪಕ್ಕೆ ಬೆಲೆಯಿಲ್ಲ, ಗೋಪುರವೇ ಗುರುತಾಗಬೇಕು. ತೆಂಗಿನ ತೋಟದ ಕಡುಹಸಿರು, ಆಕಾಶದ ಬಿಳುಪು ಇವೆರಡರ ಮುಂದೆಯೂ ಎದ್ದು ಕಾಣುವಂತೆ ಎರಡು ಬಣ್ಣ ಬಳಿಯುತ್ತಾರೆ. ಬೇರೆ ಊರಿನ ಗೋಪುರಗಳಿಗೆ ಬೇರೆ ಬಣ್ಣ, ಬೇರೆ ಪಟ್ಟಿ. ಸುಣ್ಣಬಣ್ಣದ ಕೆಲಸವೆಂದರೆ ಅಲಂಕಾರ ಎಂದುಕೊಂಡು ದೀಪಸ್ತಂಭದ ಬಣ್ಣವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ; ಬದಲಿಸಿದರೆ ನಾವಿಕರಿಗೆಲ್ಲ ಅಧಿಕೃತ ಸೂಚನೆ ಹೊರಡಿಸಬೇಕಾಗುತ್ತದೆ.

ಪ್ರಶ್ನೆ: ವಿದ್ಯುತ್ತಿಲ್ಲದ ಕಾಲದಲ್ಲಿ ಅಷ್ಟು ದೂರ ಕಾಣುವ ಬೆಳಕನ್ನು ಹೇಗೆ ಹುಟ್ಟಿಸುತ್ತಿದ್ದರು? ಎಷ್ಟು ದೂರ ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಬಹುದೆ? (ರಾಜಾಜಿನಗರದ ವಿದ್ಯಾರ್ಥಿ)

ಉತ್ತರ: ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಸುತ್ತ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ. ಅದಕ್ಕೂ ನಾಲ್ಕು ವರ್ಷ ಮೊದಲೇ ಕಾಪುವಿನ ಬಂಡೆಯ ಮೇಲೆ ಗೋಪುರ ಎದ್ದಿತ್ತು ಎಂದರೆ ಆ ಕಾಲದ ಕುಶಲತೆ ಎಂಥದೆಂದು ಊಹಿಸಬಹುದು. ಗುಟ್ಟು ಜ್ವಾಲೆಗಿಂತ ಹೆಚ್ಚಾಗಿ ಗಾಜಿನಲ್ಲಿತ್ತು. ಬತ್ತಿಯ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಅದರಲ್ಲಿ ದಿಗಂತದ ಕಡೆಗೆ ಹೋಗುವುದು ಅಲ್ಪ ಪಾಲು ಮಾತ್ರ. ಅದನ್ನೆಲ್ಲ ಬಾಗಿಸಿ ಒಂದೇ ಕಡೆಗೆ ತರಬೇಕೆಂದರೆ ದೊಡ್ಡ ಮಸೂರ ಬೇಕು. ದೊಡ್ಡ ಮಸೂರವೆಂದರೆ ದಪ್ಪ ಗಾಜು: ತೂಕವೂ ಹೆಚ್ಚು, ಗಾಜಿನೊಳಗೇ ಬೆಳಕು ನಷ್ಟವಾಗುವುದೂ ಹೆಚ್ಚು. ಫ್ರಾನ್ಸಿನ ಓಗುಸ್ತ್ಯಾಂ ಫ್ರೆನೆಲ್ 1822ರಲ್ಲಿ ಇದಕ್ಕೊಂದು ಸೊಗಸಾದ ದಾರಿ ತೋರಿಸಿದ. ಮಸೂರದಲ್ಲಿ ಬೆಳಕನ್ನು ಬಾಗಿಸುವುದು ಅದರ ಹೊರಮೈಯ ಓರೆ, ಒಳಗಿನ ದಪ್ಪವಲ್ಲ. ಹಾಗಾದರೆ ಒಳಗಿನ ಗಾಜನ್ನೆಲ್ಲ ತೆಗೆದು, ಓರೆಗಳನ್ನು ಮಾತ್ರ ಉಳಿಸಿಕೊಂಡು, ಬಳೆಯ ಸುತ್ತ ಬಳೆ ಇಟ್ಟಂತೆ ಜೋಡಿಸಿದರೆ ಸಾಕಲ್ಲವೆ? ನಡುವೆ ಬೆಳಕನ್ನು ಬಾಗಿಸುವ ಉಂಗುರಗಳು, ಮುಂದೆ ಸುಧಾರಿಸಿದ ಮಸೂರಗಳಲ್ಲಿ ಮೇಲೂ ಕೆಳಗೂ ಅದನ್ನು ಪ್ರತಿಫಲಿಸಿ ತಿರುಗಿಸುವ ಪಟ್ಟಕಗಳು. ಫ್ರಾನ್ಸಿನ ಕೊರ್ದುವಾಂ ದೀಪಸ್ತಂಭದಲ್ಲಿ 1823ರಲ್ಲಿ ಫ್ರೆನೆಲ್‌ನ ಮಸೂರ ಮೊದಲ ಬಾರಿಗೆ ಬೆಳಗಿತು. ಅಂಥ ಮಸೂರವನ್ನು ಹತ್ತಿರದಿಂದ ನೋಡಿದವರು ಮರೆಯಲಾರರು. ಅದು ಯಂತ್ರದಂತೆ ಕಾಣುವುದಿಲ್ಲ. ಗಾಜಿನಲ್ಲಿ ಕಡೆದ ದೊಡ್ಡ ತಾವರೆ ಮೊಗ್ಗಿನಂತೆ ಕಾಣುತ್ತದೆ.

ಈ ಮಸೂರವನ್ನು ಸುತ್ತಿಸಲು ಗೋಡೆಗಡಿಯಾರದ್ದೇ ತತ್ತ್ವ. ಗೋಪುರದ ನಡುವಿನ ಪೊಳ್ಳಿನಲ್ಲಿ ಭಾರವಾದ ತೂಕವೊಂದು ನಿಧಾನವಾಗಿ ಇಳಿಯುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತಿತ್ತು. ತಳ ಮುಟ್ಟುವ ಮೊದಲು ಕಾವಲುಗಾರ ಕೈಯಿಂದ ಕೀಲಿ ತಿರುಗಿಸಿ ಅದನ್ನು ಮತ್ತೆ ಮೇಲಕ್ಕೆತ್ತಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಸೂರವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುವ ಪದ್ಧತಿ ಬಂದ ಮೇಲೆ ಹಲವು ಕ್ವಿಂಟಲ್ ತೂಗುವ ಗಾಜನ್ನೂ ಒಂದು ಬೆರಳಿನಿಂದ ತಳ್ಳಬಹುದಾಯಿತು, ಆದರೆ ಪಾದರಸದ ಆವಿಯಿಂದ ಕಾವಲುಗಾರರ ಆರೋಗ್ಯಕ್ಕೆ ಕುತ್ತು ಬಂದದ್ದನ್ನೂ ಮರೆಯಬಾರದು. ಜ್ವಾಲೆಯ ವಿಷಯಕ್ಕೆ ಬಂದರೆ, ಕಾಪು ಗೋಪುರ ಎದ್ದ 1901ರಲ್ಲೇ ಆರ್ಥರ್ ಕಿಟ್ಸನ್ ಎಂಬಾತ ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿಯಾಗಿಸಿ ರೇಷ್ಮೆಬಲೆಯಂಥ ಮ್ಯಾಂಟಲನ್ನು ಬೆಳ್ಳಗೆ ಬೆಳಗಿಸುವ ಬರ್ನರನ್ನು ದೀಪಸ್ತಂಭಗಳಿಗೆಂದು ರೂಪಿಸಿದ. ನಮ್ಮ ಹಿರಿಯರಿಗೆ ಇದು ಹೊಸದಲ್ಲ: ಬಯಲಾಟದ ರಂಗಸ್ಥಳದಲ್ಲಿ ಇಡೀ ರಾತ್ರಿ ಸದ್ದು ಮಾಡುತ್ತ ಉರಿಯುತ್ತಿದ್ದ ಗ್ಯಾಸ್‌ಲೈಟು, ಅಂದರೆ ಪೆಟ್ರೋಮ್ಯಾಕ್ಸ್, ಇದೇ ತತ್ತ್ವದ ತಮ್ಮ. ಕಾವಲುಗಾರರಿಲ್ಲದ ಒಂಟಿ ಬಂಡೆಗಳಿಗಾಗಿ ಸ್ವೀಡನ್ನಿನ ಗುಸ್ತಾಫ್ ದಲೇನ್, ಸೂರ್ಯ ಮೂಡಿದಾಗ ತಾನೇ ಆರಿ ಮುಳುಗಿದಾಗ ತಾನೇ ಹೊತ್ತುವ ಅಸಿಟಿಲೀನ್ ಅನಿಲದ ದೀಪ ಮಾಡಿದ. ಆ ಕೆಲಸಕ್ಕೆ ಅವನಿಗೆ 1912ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಅನಿಲದ ಸ್ಫೋಟದಲ್ಲಿ ಅವನು ಕಣ್ಣು ಕಳೆದುಕೊಂಡ. ಸಾವಿರಾರು ನಾವಿಕರಿಗೆ ಬೆಳಕು ಕೊಟ್ಟವನು ತಾನು ಕತ್ತಲಲ್ಲಿ ಉಳಿದ ಸಂಗತಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ದೂರದ ಲೆಕ್ಕ. ಭೂಮಿ ದುಂಡಗಿರುವುದರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ದಿಗಂತದ ಆಚೆಗೆ ನೇರವಾಗಿ ಕಾಣದು. ಎತ್ತರಕ್ಕೇ ಇಲ್ಲಿ ಹೆಚ್ಚು ಬೆಲೆ. ಸಮುದ್ರಮಟ್ಟದಿಂದ ಇರುವ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.85ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಗಾಳಿಯಲ್ಲಿ ಬೆಳಕು ತುಸು ಬಾಗುವುದೂ ಈ ಸಂಖ್ಯೆಯಲ್ಲಿ ಸೇರಿದೆ. ಬಂಡೆಯೂ ಗೋಪುರವೂ ಸೇರಿ ದೀಪ 36 ಮೀಟರ್ ಎತ್ತರದಲ್ಲಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ವರ್ಗಮೂಲ 6, ದೂರ ಸುಮಾರು 23 ಕಿಲೋಮೀಟರ್. ದೋಣಿಯಲ್ಲಿ ನಿಂತವನ ಕಣ್ಣು ನೀರಿನಿಂದ 4 ಮೀಟರ್ ಮೇಲಿದ್ದರೆ ಅವನ ದಿಗಂತ ಸುಮಾರು 8 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ 31 ಕಿಲೋಮೀಟರ್, ಅಂದರೆ ಹದಿನಾರು ಹದಿನೇಳು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1852 ಮೀಟರ್. ಸಮುದ್ರಮಟ್ಟದಿಂದ ದೀಪದ ಎತ್ತರವನ್ನು ನಾಲ್ಕು ಪಟ್ಟು ಮಾಡಿದರೂ ದೀಪದ ದಿಗಂತ ಎರಡು ಪಟ್ಟು ಮಾತ್ರ ಹಿಗ್ಗುತ್ತದೆ ಎಂಬುದನ್ನು ನೀನೇ ಲೆಕ್ಕ ಮಾಡಿ ನೋಡು.

ಪ್ರಶ್ನೆ: ಹಗಲಿನಲ್ಲಿ ದೀಪಸ್ತಂಭಗಳ ಮೇಲಿನ ಗಾಜಿನ ಕೋಣೆಗೆ ಪರದೆ ಎಳೆದಿರುತ್ತಾರೆ ಎಂದು ಕೇಳಿದ್ದೇನೆ. ಏಕೆ? (ಮಲ್ಲೇಶ್ವರದ ಓದುಗರು)

ಉತ್ತರ: ಒಳಗಿನ ಬೆಳಕನ್ನು ಹೊರಗೆ ಕಳುಹಿಸುವ ಮಸೂರ ಹೊರಗಿನ ಬಿಸಿಲನ್ನು ಅಷ್ಟೇ ನಿಷ್ಠೆಯಿಂದ ಒಳಗೆ ಒಟ್ಟುಗೂಡಿಸುತ್ತದೆ. ಭೂತಗನ್ನಡಿ ಹಿಡಿದು ಕಾಗದ ಸುಡುವ ಮಕ್ಕಳಿಗೆ ಇದು ಗೊತ್ತು. ಪರದೆ ಇಲ್ಲದಿದ್ದರೆ ದೀಪದ ಭಾಗಗಳು ಸುಟ್ಟುಹೋಗಬಹುದು.

ಪ್ರಶ್ನೆ: ಮೊಬೈಲಿನಲ್ಲೇ ನಕ್ಷೆ ಇರುವ ಈ ಕಾಲದಲ್ಲಿ ದೀಪಸ್ತಂಭಗಳು ಬೇಕೆ? ಅವುಗಳ ಖರ್ಚನ್ನು ಯಾರು ಹೊರುತ್ತಾರೆ? ಮಂಗಳೂರಿನ ಬಾವುಟಗುಡ್ಡೆಯಲ್ಲಿ ಇದ್ದದ್ದು ಏನಾಯಿತು? (ಜಯನಗರದ ಓದುಗರು)

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಮಂಗಳೂರಿನ ನಡುವಿನ ಆ ಗುಡ್ಡಕ್ಕೆ ಕನ್ನಡದಲ್ಲಿ ಬಾವುಟಗುಡ್ಡೆ, ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್. ಹಡಗುಗಳಿಗೆ ಹಗಲಿನಲ್ಲಿ ಬಾವುಟ, ರಾತ್ರಿಯಲ್ಲಿ ದೀಪ ಎಂಬ ಎರಡೂ ಕಾಲದ ನೆನಪು ಎರಡು ಹೆಸರುಗಳಲ್ಲಿ ಉಳಿದುಕೊಂಡಿದೆ. ಅಲ್ಲಿನ ಹಳೆಯ ಗೋಪುರ ಈಗ ಟ್ಯಾಗೋರ್ ಉದ್ಯಾನದ ಆವರಣದಲ್ಲಿದೆ. 1972ರಲ್ಲಿ ಸುರತ್ಕಲ್‌ನಲ್ಲಿ ಹೊಸ ದೀಪಸ್ತಂಭ ಬಂತು, 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಮುಖ ಬಂದರೆಂದು ಘೋಷಣೆಯಾಯಿತು.

ಖರ್ಚು ತೆರಿಗೆದಾರರ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ಹಡಗುಗಳ ಮೇಲೆಯೇ ಬೀಳುತ್ತದೆ. ಭಾರತದ ಬಂದರಿಗೆ ಬರುವ ಹಡಗುಗಳು ದೀಪಗಳಿಗಾಗಿ ಶುಲ್ಕ ಕೊಡಬೇಕು. 1927ರ ದೀಪಸ್ತಂಭ ಕಾಯ್ದೆಯ ಕಾಲದಿಂದ ನಡೆದುಬಂದ ಈ ಏರ್ಪಾಡು, ಅದರ ಜಾಗದಲ್ಲಿ ಬಂದ 2021ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ.

ಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಬೇಕು. ಉಪಗ್ರಹಗಳ ನೆರವನ್ನು ನಾನು ಕಡಿಮೆ ಎಣಿಸುತ್ತಿಲ್ಲ. ನಮ್ಮ ದೇಶದ್ದೇ ಆದ ನಾವಿಕ್ ಪಥದರ್ಶಕ ವ್ಯವಸ್ಥೆಯ ಇಸ್ರೋ ಕೇಂದ್ರ 2013ರಿಂದ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಕಡಲಿಲ್ಲದ ನಮ್ಮ ಊರಿಗೂ ಕಡಲಿನಲ್ಲಿರುವವರಿಗೂ ಇರುವ ನಂಟು ಅದು. 2017ರ ಓಖಿ ಚಂಡಮಾರುತದ ದುರಂತದ ನಂತರ ಮೀನುಗಾರರಿಗೆ ಎಚ್ಚರಿಕೆಯ ಸಂದೇಶ ಕಳುಹಿಸುವುದಕ್ಕೂ ಅದು ಬಳಕೆಯಾಗಿದೆ. ಆದರೆ ಸಾವಿರಾರು ಕಿಲೋಮೀಟರ್ ಎತ್ತರದಿಂದ ಇಳಿದು ಬರುವ ಉಪಗ್ರಹದ ಸಂಕೇತ ಬಹಳ ಕ್ಷೀಣವಾದದ್ದು. ಅದನ್ನು ಬೇಕೆಂದೇ ಅಡಗಿಸಬಹುದು, ಸುಳ್ಳು ಸಂಕೇತದಿಂದ ದಾರಿ ತಪ್ಪಿಸಲೂಬಹುದು. ನಾಡದೋಣಿಯವರ ಕೈಯಲ್ಲಿರುವ ಉಪಕರಣಕ್ಕೆ ನೀರು ಹೊಕ್ಕರೆ, ಬ್ಯಾಟರಿ ಮುಗಿದರೆ, ಉಳಿಯುವುದು ಕಣ್ಣು ಮಾತ್ರ. ಯಂತ್ರ ಹೇಳಿದ್ದು ನಿಜವೇ ಎಂದು ಕಣ್ಣಾರೆ ತಾಳೆ ನೋಡಿಕೊಳ್ಳಲು, ಯಾರ ಅನುಮತಿಯೂ ಉಪಕರಣವೂ ಬೇಡದ, ಬಡ ಮೀನುಗಾರನಿಗೂ ದೊಡ್ಡ ಹಡಗಿಗೂ ಸಮನಾಗಿ ಕಾಣುವ ಗುರುತು ಇದೊಂದೇ. ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿ ಹೊಸ ಋತುವಿಗೆ ಇಳಿಯುತ್ತಾರಲ್ಲ, ರಾತ್ರಿ ಮರಳುವಾಗ ಅವರ ಕಣ್ಣು ಮೊದಲು ಹುಡುಕುವುದು ದಡದ ಪರಿಚಿತ ದೀಪಗಳನ್ನೇ.

ಪ್ರಶ್ನೆ: ಕಾಪುವಿಗೆ ಹೋದಾಗ ದೀಪದ ಲಕ್ಷಣವನ್ನು ನಾವೇ ಎಣಿಸಬಹುದೆ? (ಬಸವನಗುಡಿಯ ಅದೇ ಓದುಗರು, ಮೊಮ್ಮಗಳ ಪರವಾಗಿ)

ಉತ್ತರ: ಖಂಡಿತ ಎಣಿಸಬಹುದು. ಸಂಜೆಯ ನಿಗದಿತ ಹೊತ್ತಿನಲ್ಲಿ ಗೋಪುರ ಹತ್ತಲು ಬಿಡುತ್ತಾರೆ. ಒಳಗಿನ ಸುರುಳಿ ಮೆಟ್ಟಿಲು ಕಡಿದಾಗಿರುವುದರಿಂದ ತಾವು ನಿಧಾನವಾಗಿ ಹತ್ತಿ. ಮೇಲಿಂದ ಸೂರ್ಯಾಸ್ತ ನೋಡಿ ಇಳಿದು, ಬಂಡೆಯಿಂದ ಸ್ವಲ್ಪ ದೂರ ಮರಳಿನ ಮೇಲೆ ಕುಳಿತುಕೊಳ್ಳಿ. ಮಳೆಗಾಲದಲ್ಲಿ ಬಂಡೆಯ ಬಳಿ ಸುಳಿಯಬೇಡಿ, ಅಲೆ ಎಲ್ಲಿಂದ ಏರಿ ಬರುತ್ತದೆಂದು ತಿಳಿಯುವುದಿಲ್ಲ. ದೀಪ ಹೊತ್ತಿದ ಮೇಲೆ ಮೊದಲು ಕೆಲವು ಸುತ್ತು ಸುಮ್ಮನೆ ನೋಡಿ. ಮಿಂಚುಗಳ ನಡುವೆ ಅತಿ ಉದ್ದದ ಕತ್ತಲು ಯಾವುದೆಂದು ಗೊತ್ತಾದ ಕೂಡಲೇ, ಆ ಕತ್ತಲು ಮುಗಿದು ಬರುವ ಮೊದಲ ಮಿಂಚಿಗೆ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಅಂಥ ಐದು ಸುತ್ತುಗಳು ಪೂರ್ಣಗೊಳ್ಳುವವರೆಗೆ ಬಿಟ್ಟು, ಬಂದ ಸೆಕೆಂಡುಗಳನ್ನು ಐದರಿಂದ ಭಾಗಿಸಿ; ಒಂದೇ ಸುತ್ತನ್ನು ಅಳೆದರೆ ಬೆರಳಿನ ತಡವೇ ತಪ್ಪು ಲೆಕ್ಕ ಕೊಡುತ್ತದೆ. ಒಂದು ಸುತ್ತಿನಲ್ಲಿ ಎಷ್ಟು ಮಿಂಚು, ಎಷ್ಟು ಸೆಕೆಂಡು ಎಂಬೆರಡು ಸಂಖ್ಯೆಗಳನ್ನು ಮೊಮ್ಮಗಳೇ ತನ್ನ ಕೈಯಾರೆ ಬರೆದು ನಮಗೆ ಕಳುಹಿಸಲಿ. ದೀಪಗಳ ಪಟ್ಟಿಯೊಡನೆ ತಾಳೆ ನೋಡಿ ಈ ಅಂಕಣದಲ್ಲೇ ಪ್ರಕಟಿಸುತ್ತೇನೆ.